ಕೆಲಸ ಕೊಟ್ಟವರ ಕೈಲೇ ಮನೆಯ ಬೀಗದ ಕೈ: ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳ ಆಸ್ಟ್ರೇಲಿಯಾ ವರ್ಷ

ಡಿಗ್ರಿ ಮುಗಿಸಿ, ಒಂದೆರಡು ವರ್ಷ ಕೆಲಸ ಮಾಡಿ, "ಒಂದು ವರ್ಷ ಹೊರದೇಶದಲ್ಲಿ ದುಡಿದು, ಸುತ್ತಾಡಿ ಬರ್ತೀನಿ" ಅನ್ನುವ ಮಕ್ಕಳು ಈಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯೂ ಸಿಗುತ್ತಾರೆ. ಇವರು ಓದಲಿಕ್ಕೆ ಹೋಗುವವರಲ್ಲ. ಅಲ್ಲೇ ನೆಲೆಸುವ ಯೋಚನೆಯೂ ಇಲ್ಲ. ಇಂಥವರಿಗೆ ವೀಸಾ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಇಳಿದ ಮೇಲೆ ಎಲ್ಲಿ ಮಲಗಬೇಕು, ಯಾರ ಮನೆಯಲ್ಲಿ ಇರಬೇಕು ಅಂತ ಹೇಳುವವರು ಕಮ್ಮಿ.

ಕಾಲೇಜು ಮುಗಿಸಿದ ಮಕ್ಕಳಿಗೆ ಮುಂದಿನ ದಾರಿ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಹಾಗೆ ಪರಿಚಯವಾದ ಒಬ್ಬಳ ಪ್ರಕರಣ ಇದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇಲ್ಲಿ ಅವಳನ್ನು ಸೌಮ್ಯಾ ಅನ್ನೋಣ. ನಿಜವಾದ ಹೆಸರು ಬೇರೆ. ಅವಳ ಊರು, ಅಲ್ಲಿನ ತೋಟ, ಹಾಸ್ಟೆಲ್ ಯಾವುದೂ ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಅವಳ ಡೈರಿ, ಸಂಬಳದ ಚೀಟಿ, ಮೆಸೇಜುಗಳನ್ನು ನೋಡಿ ಬರೆದದ್ದು ಇದು.

ಹಿನ್ನೆಲೆ

ಸೌಮ್ಯಾಗೆ ಆಗ 24 ವರ್ಷ. ಮನೆಯಲ್ಲಿ ಅಡಿಕೆ ತೋಟ, ನಡುವೆ ಬಾಳೆ, ಕಾಳುಮೆಣಸು. ಬಿ.ಕಾಂ. ಮುಗಿಸಿ ಶಿವಮೊಗ್ಗದ ಒಂದು ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಳು. ಜಿಎಸ್‌ಟಿ ರಿಟರ್ನು, ಸಣ್ಣ ಪುಟ್ಟ ಕಂಪನಿಗಳ ಸಂಬಳದ ಲೆಕ್ಕ, ಪಿಎಫ್ ಇವೆಲ್ಲ ಅವಳ ಕೈಮೇಲೇ ಹೋಗುತ್ತಿದ್ದವು. ಸಿಎ ಮಾಡೋದಾ, ಎಂ.ಕಾಂ. ಸೇರೋದಾ ಅನ್ನುವುದು ಇತ್ಯರ್ಥ ಆಗಿರಲಿಲ್ಲ. ಮನೆಯಲ್ಲಿ ಮದುವೆ ಮಾತು ಶುರುವಾಗಿತ್ತು. ಒಂದು ವರ್ಷ ಟೈಮ್ ಬೇಕು ಅಂತ ಅವಳೇ ಕೇಳಿದಳು. "ವರ್ಷ ಅಂದ್ರೆ ವರ್ಷ, ಮತ್ತೆ ಜಾಸ್ತಿ ಎಳೀಬಾರ್ದು ಮಾರಾಯ್ತಿ" ಅಂತ ಅಪ್ಪಯ್ಯ ಒಪ್ಪಿದರು.

ಅವಳು ಕಣ್ಣಿಟ್ಟದ್ದು ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಮೇಲೆ. ಅಲ್ಲಿನ ಲೆಕ್ಕದಲ್ಲಿ ಅದು ಸಬ್‌ಕ್ಲಾಸ್ 462. ಭಾರತ ಮತ್ತು ಆಸ್ಟ್ರೇಲಿಯಾ 2022ರ ಏಪ್ರಿಲ್‌ನಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದದ ಜೊತೆಗೆ ಬಂದ ಸವಲತ್ತು ಇದು. ವರ್ಷಕ್ಕೆ 1,000 ಭಾರತೀಯರಿಗೆ ಮಾತ್ರ. ವಯಸ್ಸು 18ರಿಂದ 30. ಪಿಯುಸಿ ಆದ ಮೇಲೆ ಕನಿಷ್ಠ ಎರಡು ವರ್ಷ ಓದಿರಬೇಕು, ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಧಾರಣ ಅಂಕ ಬೇಕು, ಕೈಯಲ್ಲಿ 5,000 ಆಸ್ಟ್ರೇಲಿಯನ್ ಡಾಲರ್ ಇದೆ ಅಂತ ತೋರಿಸಬೇಕು. ಆಗಿನ ದರದಲ್ಲಿ ಅದು ಸುಮಾರು ಎರಡು ಮುಕ್ಕಾಲು ಲಕ್ಷ ರೂಪಾಯಿ. ಕೇಳುವವರು ಜಾಸ್ತಿ, ಸೀಟು ಕಮ್ಮಿ ಅಂತ ಲಾಟರಿ ಇಟ್ಟರು. ಭಾರತಕ್ಕೆ ಮೊದಲ ಲಾಟರಿ ತೆರೆದದ್ದು 2024ರ ಅಕ್ಟೋಬರ್‌ನಲ್ಲಿ. ಹೆಸರು ನೋಂದಾಯಿಸಲು 25 ಡಾಲರ್, ಜೊತೆಗೆ ಪಾಸ್‌ಪೋರ್ಟ್ ಮತ್ತು ಪ್ಯಾನ್ ಕಾರ್ಡ್. ಹೆಸರು ಬಂದವರು ಮಾತ್ರ ಪೂರ್ತಿ ವೀಸಾ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಆ ವರ್ಷ ಅದು 650 ಡಾಲರ್ ಇತ್ತು.

ಇಲ್ಲೇ ಮೊದಲ ತಿರುವು. ಹೆಸರು ನೋಂದಾಯಿಸುವ ಮೊದಲು ಅವಳು ಒಬ್ಬ ಏಜೆಂಟರ ಹತ್ತಿರ ವಿಚಾರಿಸಿದ್ದಳು. ಮೂರೂವರೆ ಲಕ್ಷ ಕೊಟ್ಟರೆ ವೀಸಾ, ತೋಟದ ಕೆಲಸ, ಇರಲಿಕ್ಕೆ ರೂಮು ಎಲ್ಲಾ ಗ್ಯಾರಂಟಿ ಅಂದರಂತೆ. ಲಾಟರಿಯಲ್ಲಿ ಬರುವ ವೀಸಾಕ್ಕೆ ಗ್ಯಾರಂಟಿ ಎಲ್ಲಿಂದ ಬರುತ್ತೆ ಅಂತ ಅವಳಿಗೇ ಅನ್ನಿಸಿತು. ಹೊರದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಕೆಳಗೆ ನೋಂದಣಿ ಮಾಡಿಸಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಅಂತ ಮಿತಿ ಇದೆ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ನೋಂದಾಯಿತರು ಅಂತ ನೋಡಬಹುದು. ಇವರ ಹೆಸರು ಅಲ್ಲಿರಲಿಲ್ಲ. ಅವಳು ಮನೆಯಲ್ಲೇ ಕೂತು 25 ಡಾಲರ್ ಕಟ್ಟಿದಳು. ಅದೃಷ್ಟ ಇತ್ತು, ಹೆಸರು ಬಂತು.

ಹೊರಡುವ ಮೊದಲೇ ಮನೆ ಹುಡುಕಿದ್ದು

ಮಗಳು ಇಳಿದ ದಿನವೇ ಒಂದು ವಿಳಾಸ ಇರಬೇಕು ಅನ್ನುವುದು ಅಮ್ಮನ ಹಟ. ಯಾರ ಅಮ್ಮ ಆದರೂ ಹಾಗೇ ಹೇಳುತ್ತಾರೆ, ಅಲ್ವಾ? ಹಾಗಾಗಿ ಸೌಮ್ಯಾ ಊರಿನಿಂದಲೇ ಕೇರ್ನ್ಸ್‌ನಲ್ಲಿ ಮನೆ ಹುಡುಕಲು ಕೂತಳು. ಕೇರ್ನ್ಸ್ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರ ಭಾಗದ ಪ್ರವಾಸಿ ಪಟ್ಟಣ. ಎರಡೇ ದಿನದಲ್ಲಿ ಒಂದು ಚಂದದ ಫ್ಲಾಟು ಸಿಕ್ಕಿತು. ಬಾಡಿಗೆ ಅರ್ಧಕ್ಕರ್ಧ ಕಮ್ಮಿ. ಮಾಲೀಕರು ಸ್ಕಾಟ್‌ಲೆಂಡಿನಲ್ಲಿದ್ದಾರೆ, ದುಡ್ಡು ಕಳಿಸಿದರೆ ಬೀಗದ ಕೈ ಕೊರಿಯರ್ ಮಾಡ್ತೀವಿ ಅಂದರು. ಮನೆಯೊಳಗಿನ ವೀಡಿಯೊ ಕಳಿಸಿ ಅಂದಾಗ ಬೇರೆ ಬೇರೆ ನೆಪ. ಇದು ಹಳೇ ಮೋಸ, ಎಲ್ಲ ದೇಶದಲ್ಲೂ ಇದೆ. ಅವಳು ದುಡ್ಡು ಕಳಿಸಲಿಲ್ಲ. ಬದಲಿಗೆ ಮೊದಲ ಹತ್ತು ದಿನಕ್ಕೆ ಪ್ರವಾಸಿಗರು ಇಳಿಯುವ ಹಾಸ್ಟೆಲಿನಲ್ಲಿ ಹೆಂಗಸರ ಡಾರ್ಮಿಟರಿ ಬುಕ್ ಮಾಡಿದಳು. ಅಮ್ಮನಿಗೆ ಆ ವಿಳಾಸವನ್ನೇ ಬರೆದು ಕೊಟ್ಟಳು.

2025ರ ಮಾರ್ಚ್‌ನಲ್ಲಿ ಅವಳು ಇಳಿದಾಗ ಅಲ್ಲಿ ಮಳೆಗಾಲ. ಪ್ರವಾಸಿಗರು ಕಮ್ಮಿ, ಹೋಟೆಲುಗಳಲ್ಲಿ ಕೆಲಸವೂ ಕಮ್ಮಿ. ಬ್ಯಾಂಕ್ ಖಾತೆ, ಫೋನು, ತೆರಿಗೆ ನಂಬರು ಇವು ಬೇಗ ಆದವು. ತೆರಿಗೆ ನಂಬರಿಗೆ ಅರ್ಜಿ ಹಾಕಲು ದುಡ್ಡು ಕೊಡಬೇಕಾಗಿಲ್ಲ. ದುಡ್ಡು ಕೇಳುವ ವೆಬ್‌ಸೈಟುಗಳು ಮಧ್ಯವರ್ತಿಗಳದ್ದು. ಕೆಲಸ ಮಾತ್ರ ಸಿಗಲಿಲ್ಲ. ಎಲ್ಲಾ ಕಡೆ ಲೋಕಲ್ ಅನುಭವ ಇದೆಯಾ ಅಂತ ಕೇಳುವವರೇ. ಕೈಯಲ್ಲಿದ್ದ ದುಡ್ಡು ದಿನಾ ಕರಗುತ್ತಿತ್ತು.

ಡಾರ್ಮಿಟರಿಯಲ್ಲಿ ಯಾರೋ ಹೇಳಿದರು: ದಕ್ಷಿಣಕ್ಕೆ ಬಸ್ಸಿನಲ್ಲಿ ಒಂದೆರಡು ಗಂಟೆ ಹೋದರೆ ಬಾಳೆ ತೋಟಗಳು. ಅಲ್ಲಿ ವರ್ಕಿಂಗ್ ಹಾಸ್ಟೆಲ್ ಅಂತ ಇರುತ್ತವೆ, ಹಾಸಿಗೆ ಹಿಡಿದರೆ ಕೆಲಸವೂ ಅವರೇ ಕೊಡಿಸುತ್ತಾರೆ. ಸೌಮ್ಯಾ ಮಾರನೇ ದಿನವೇ ಹೊರಟಳು.

ಸಮಸ್ಯೆ

ಇನಿಸ್‌ಫೇಲ್, ಟಲ್ಲಿ ಸುತ್ತಮುತ್ತ ಬಾಳೆಯೇ ಬಾಳೆ. ಆಸ್ಟ್ರೇಲಿಯಾದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಟಲ್ಲಿ ಒಂದು. 1950ರಲ್ಲಿ ಅಲ್ಲಿ ಸುಮಾರು 7,900 ಮಿ.ಮೀ. ಮಳೆ ಬಿದ್ದಿತ್ತು. ಅದರ ನೆನಪಿಗೆ ಊರಿನಲ್ಲಿ 7.9 ಮೀಟರ್ ಎತ್ತರದ ಚಿನ್ನದ ಬಣ್ಣದ ಗಮ್‌ಬೂಟು ನಿಲ್ಲಿಸಿದ್ದಾರೆ. ಆಗುಂಬೆ, ಹುಲಿಕಲ್ ಮಳೆ ಕಂಡವಳಿಗೆ ಮಳೆಯ ಭಯ ಏನೂ ಇರಲಿಲ್ಲ. ಭಯ ಹುಟ್ಟಿಸಿದ್ದು ಲೆಕ್ಕ.

ಹಾಸ್ಟೆಲಿನ ಪದ್ಧತಿ ಹೀಗಿತ್ತು. ಆರು ಜನರ ರೂಮಿನಲ್ಲಿ ಒಂದು ಹಾಸಿಗೆಗೆ ವಾರಕ್ಕೆ 215 ಡಾಲರ್. ಬಾಂಡ್ ಅಂತ 200 ಡಾಲರ್ ನಗದು, ರಸೀದಿ ಇಲ್ಲ. ನಾವು ಇಲ್ಲಿ ಅಡ್ವಾನ್ಸ್ ಅಂತೀವಲ್ಲ, ಅದನ್ನೇ ಅಲ್ಲಿ ಬಾಂಡ್ ಅನ್ನುತ್ತಾರೆ. ಗೋಡೆಯ ಮೇಲೆ ಒಂದು ಪಟ್ಟಿ. ದಿನಾ ಸಂಜೆ ಅದರಲ್ಲಿ ಯಾರ ಹೆಸರಿದೆಯೋ ಅವರಿಗೆ ನಾಳೆ ಕೆಲಸ. ತೋಟಕ್ಕೆ ಹೋಗುವ ವ್ಯಾನು ಅವರದೇ, ಅದಕ್ಕೆ ದಿನಕ್ಕೆ 12 ಡಾಲರ್. ಸಂಬಳ ಕೊಡುವವರು ತೋಟದವರಲ್ಲ, ನಡುವಿನ ಕಂಟ್ರಾಕ್ಟರ್. ಆ ಕಂಟ್ರಾಕ್ಟರ್ ಹಾಸ್ಟೆಲಿನವರ ಕಡೆಯವರೇ.

ಮಳೆ ಜೋರಾದ ವಾರಗಳಲ್ಲಿ ಕೆಲಸ ಎರಡೇ ದಿನ. ಆಗ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 24.10 ಡಾಲರ್, ಖಾಯಂ ಅಲ್ಲದವರಿಗೆ ಶೇ. 25 ಸೇರಿಸಿ 30 ಡಾಲರ್ ಚಿಲ್ಲರೆ. ಎರಡು ದಿನ ಎಂಟೆಂಟು ಗಂಟೆ ಅಂದರೆ 482 ಡಾಲರ್. ಈ ವೀಸಾದವರಿಗೆ 45,000 ಡಾಲರ್ ವರೆಗೆ ಮೊದಲ ಡಾಲರಿನಿಂದಲೇ ಶೇ. 15 ತೆರಿಗೆ. ಅದು ಹೋಗಿ 410. ಬಾಡಿಗೆ, ವ್ಯಾನು ಕಳೆದರೆ 170ರ ಆಸುಪಾಸು. ಅದರಲ್ಲಿ ಊಟ. ಕೆಲಸವೇ ಇಲ್ಲದ ವಾರ ಬಂತೆಂದರೆ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ರೂಪಾಯಿಗೆ ತಿರುಗಿಸಿ ನೋಡುವವರಿಗೆ ಗಂಟೆಗೆ 1,600 ಅಂತ ಕಾಣುತ್ತೆ. ಊರಿನವರು ಫೋನ್ ಮಾಡಿ ಅದನ್ನೇ ಹೇಳುತ್ತಿದ್ದರಂತೆ.

ಮೂರನೇ ವಾರದ ಸಂಬಳದ ಚೀಟಿ ನೋಡಿದಾಗ ಸೌಮ್ಯಾಗೆ ಎರಡು ವಿಷಯ ಕಂಡವು. ಅವಳ ಡೈರಿಯಲ್ಲಿ 31 ಗಂಟೆ, ಚೀಟಿಯಲ್ಲಿ 27. ಕೆಲಸ ಮುಗಿದ ಮೇಲೆ ಶೆಡ್ಡು ತೊಳೆಯುವ ಹೊತ್ತನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎರಡನೆಯದು, ಹಾಸಿಗೆ ಬಾಡಿಗೆಯನ್ನು ಸಂಬಳದಲ್ಲೇ ಮುರಿದುಕೊಂಡಿದ್ದರು. ಅವಳು ಅದಕ್ಕೆ ಎಲ್ಲೂ ಸಹಿ ಹಾಕಿರಲಿಲ್ಲ. ಅಲ್ಲಿನ ಕಾನೂನಿನಲ್ಲಿ ಕೆಲಸಗಾರರ ಲಿಖಿತ ಒಪ್ಪಿಗೆ ಇಲ್ಲದೆ ಹೀಗೆ ಮುರಿಯುವ ಹಾಗಿಲ್ಲ. ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ಕೂತವಳಿಗೆ ಇದು ಕಾಣದೇ ಇರುತ್ತಾ?

ಕಂಡರೂ ಬಾಯಿ ಬಿಡಲಾಗಲಿಲ್ಲ. ಈ ಪ್ರಕರಣದ ಗಂಟು ಇರುವುದು ಇಲ್ಲೇ. ಸಂಬಳದ ಬಗ್ಗೆ ಕೇಳಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಹೆಸರು ಹೋದರೆ ಕೆಲಸ ಇಲ್ಲ, ಬಾಡಿಗೆ ಮಾತ್ರ ಇದೆ. ಹಾಸಿಗೆ ಬಿಟ್ಟು ಹೋದರೆ ವ್ಯಾನಿಲ್ಲ, ಆ ಕೆಲಸವೂ ಇಲ್ಲ, ರಸೀದಿ ಇಲ್ಲದ ಬಾಂಡೂ ಇಲ್ಲ. ಕೂಲಿ ಕಮ್ಮಿ ಕೊಟ್ಟದ್ದು ಒಂದು ತಪ್ಪು, ಸರಿ. ಆದರೆ ಕೇಳುವ ಬಾಯನ್ನೇ ಕಟ್ಟಿ ಹಾಕಿದ್ದು ಮನೆ.

ಏನೇನು ಮಾಡಿ ನೋಡಿದಳು

ಮೊದಲು ಮ್ಯಾನೇಜರನ ಹತ್ತಿರ ಮೆತ್ತಗೆ ಕೇಳಿದಳು. ಅವನು ಜಗಳ ಆಡಲಿಲ್ಲ, "ನೋಡೋಣ" ಅಂದ. ಮುಂದಿನ ಎರಡು ದಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ರೂಮಿನಲ್ಲಿದ್ದ ತೈವಾನಿನ ಇಬ್ಬರು ಹುಡುಗಿಯರ ಜೊತೆ ಸೇರಿ ಕೇಳೋಣ ಅಂತ ಯೋಚನೆ ಮಾಡಿದಳು. ಅವರಿಗೆ ವೀಸಾ ಮುಗಿಯುತ್ತಾ ಬಂದಿತ್ತು, ಬೇಡ ಅಂದರು.

ಆಮೇಲೆ ಮನೆಗೆ ಫೋನ್ ಮಾಡಿದಳು. ದುಡ್ಡು ಕೇಳಲಿಕ್ಕಲ್ಲ, ಸುಮ್ನೆ. ಅಪ್ಪಯ್ಯ ಎಲ್ಲಾ ಕೇಳಿಸಿಕೊಂಡು, "ಇರೋಕೆ ಜಾಗ, ಮಾಡೋಕೆ ಕೆಲಸ ಎರಡೂ ಒಂದೇ ಕಡೆ ಇದೆ, ಹೊಂದ್ಕೊಂಡು ಹೋಗು" ಅಂದರು.

"ನಮ್ಮ ತೋಟದ ಮನೇಲಿ ಇದಾರಲ್ಲ ಅಪ್ಪಯ್ಯ, ಅವ್ರು ನಾಳೆ ನಮ್ಮ ಕೆಲಸಕ್ಕೆ ಬರಲ್ಲ ಅಂದ್ರೆ ಆ ಮನೇಲಿ ಇರಬಹುದಾ?"

"ಅದು ಹೆಂಗಾಗತ್ತೆ?"

"ನಂದೂ ಅದೇ ಕತೆ."

ಆಮೇಲೆ ಮಾತು ಅಡಿಕೆ ರೇಟಿನ ಕಡೆ ಹೋಯಿತಂತೆ. ಮಲೆನಾಡಿನಲ್ಲಿ ಕಾಫಿ ಎಸ್ಟೇಟಿನ ಲೈನ್ ಮನೆ, ಅಡಿಕೆ ತೋಟದ ಬಿಡಾರ ನಮಗೆ ಎಷ್ಟು ರೂಢಿ ಅಂದರೆ ಅದರಲ್ಲಿ ಹೀಗೊಂದು ಸಿಕ್ಕು ಇದೆ ಅಂತಲೇ ಅನ್ನಿಸುವುದಿಲ್ಲ. ಕೊಡುವ ಕಡೆ ನಿಂತವರಿಗೆ ಅದು ಉಪಕಾರದ ಹಾಗೇ ಕಾಣುತ್ತದೆ. ಅಪ್ಪಯ್ಯನ ಸಲಹೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರು ತೋಟದ ಯಜಮಾನರಾಗಿ ಮಾತಾಡಿದರು, ಅಷ್ಟೇ.

ಆ ರಾತ್ರಿ ಡೈರಿಯಲ್ಲಿ ಅವಳು ಮೂರು ಸಾಲು ಬರೆದಿದ್ದಾಳೆ: ಮೊದಲು ಮನೆ. ಆಮೇಲೆ ಕೆಲಸ. ಕೊನೆಗೆ ದೂರು. ಈ ಅನುಕ್ರಮವೇ ದೊಡ್ಡ ತೀರ್ಮಾನ. ನನ್ನ ಹತ್ತಿರ ಬರುವ ಮಕ್ಕಳು ಬಹಳಷ್ಟು ಸಲ ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಸಿಟ್ಟಿನಲ್ಲಿ ಮೊದಲು ದೂರು ಕೊಡುತ್ತಾರೆ, ಮಲಗಲು ಜಾಗ ಇಲ್ಲದಾಗ ಅದನ್ನು ಅರ್ಧಕ್ಕೇ ಬಿಡುತ್ತಾರೆ.

ಮನೆ

ಆ ಊರಿನ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಕೈಬರಹದ ಒಂದು ಚೀಟಿ ಇತ್ತು. ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೂರು ಬೆಡ್‌ರೂಮಿನ ಮನೆ ಬಾಡಿಗೆಗೆ ಹಿಡಿದಿದ್ದರು. ಒಂದು ರೂಮು ಖಾಲಿ, ವಾರಕ್ಕೆ 150 ಡಾಲರ್. ನೆಲದಿಂದ ಎತ್ತರದಲ್ಲಿ ಕಂಬದ ಮೇಲೆ ಕಟ್ಟಿದ ಹಳೆಯ ಮರದ ಮನೆ. ಆ ಕಡೆ ಹೆಚ್ಚಿನ ಹಳೇ ಮನೆಗಳು ಹಾಗೇ.

ಸೌಮ್ಯಾ ಬೇಕೆಂದೇ ಮಳೆ ಬರುವ ಸಂಜೆ ನೋಡಲು ಹೋದಳು. ಸೂರು ಎಲ್ಲಿ ಸೋರುತ್ತೆ, ಗೋಡೆ ಎಲ್ಲಿ ಒದ್ದೆ ಆಗುತ್ತೆ ಅಂತ ಬಿಸಿಲಲ್ಲಿ ಗೊತ್ತಾಗಲ್ಲ ಅನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಲ್ಲಿ ತಿರುಗಿಸಿ ನೋಡಿದಳು. ಬಚ್ಚಲ ಮನೆಯ ಮೇಲ್ಛಾವಣಿಯಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು. ಆಮೇಲೆ ಮೂರು ಪ್ರಶ್ನೆ ಕೇಳಿದಳು. ಬಾಡಿಗೆ ಕರಾರಿನಲ್ಲಿ ನನ್ನ ಹೆಸರು ಸೇರುತ್ತಾ? ಬಾಂಡ್ ಯಾರ ಹತ್ತಿರ ಇರುತ್ತೆ? ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು? ಆ ಹೆಂಗಸು ಏಜೆನ್ಸಿಗೆ ಫೋನ್ ಮಾಡಿ ಹೆಸರು ಸೇರಿಸಲು ಒಪ್ಪಿಸಿದರು.

ಬಾಂಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟು, ಬಿಡುವಾಗ ಮಾಲೀಕರ ಹಿಂದೆ ಅಲೆದವರು ನಮ್ಮಲ್ಲಿ ಎಷ್ಟೋ ಜನ. ಕ್ವೀನ್ಸ್‌ಲ್ಯಾಂಡಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆಗಿಂತ ಜಾಸ್ತಿ ಬಾಂಡ್ ಕೇಳುವಂತಿಲ್ಲ. ಆ ದುಡ್ಡನ್ನು ಮಾಲೀಕರು ಇಟ್ಟುಕೊಳ್ಳುವಂತೆಯೂ ಇಲ್ಲ. ರೆಸಿಡೆನ್ಶಿಯಲ್ ಟೆನನ್ಸೀಸ್ ಅಥಾರಿಟಿ ಅನ್ನುವ ಸರ್ಕಾರಿ ಸಂಸ್ಥೆಗೆ 10 ದಿನದೊಳಗೆ ಕಟ್ಟಬೇಕು. ಕಟ್ಟಿದ ಮೇಲೆ ಬಾಡಿಗೆದಾರರಿಗೆ ಅಲ್ಲಿಂದಲೇ ತಿಳಿಸುತ್ತಾರೆ. ಬಿಡುವಾಗ ಎರಡೂ ಕಡೆಯವರು ಒಪ್ಪಿದರೆ ದುಡ್ಡು ವಾಪಸ್. ತಕರಾರು ಬಂದರೆ ಸಂಸ್ಥೆಯೇ ನಡುವೆ ನಿಂತು ಮಾತಾಡಿಸುತ್ತದೆ. ಹಾಸ್ಟೆಲಿನಲ್ಲಿ ಕೊಟ್ಟ 200ಕ್ಕೂ ಇಲ್ಲಿ ಕೊಟ್ಟ 600ಕ್ಕೂ ಇದೇ ವ್ಯತ್ಯಾಸ.

ಮನೆಗೆ ಹೋದ ದಿನ ಮನೆ ಹೇಗಿದೆ ಅಂತ ಬರೆಯುವ ಒಂದು ಫಾರಂ ಕೊಡುತ್ತಾರೆ. ಏಜೆನ್ಸಿಯವರು ಅದರಲ್ಲಿ ಬಚ್ಚಲ ಮನೆ ಚೆನ್ನಾಗಿದೆ ಅಂತ ಬರೆದಿದ್ದರು. ಸೌಮ್ಯಾ ಅದನ್ನು ತಿದ್ದಿ, ಬೂಷ್ಟಿನ ಫೋಟೊ ಅಂಟಿಸಿ, ಕೊಟ್ಟ 7 ದಿನದ ಗಡುವಿನೊಳಗೆ ವಾಪಸ್ ಕಳಿಸಿದಳು.

ಇದಕ್ಕೆಲ್ಲ ದುಡ್ಡು ಎಲ್ಲಿತ್ತು? ಬಾಂಡ್ 600, ಎರಡು ವಾರದ ಮುಂಗಡ ಬಾಡಿಗೆ 300, ಹಳೇ ಸೈಕಲ್ಲಿಗೆ 80. ವೀಸಾಕ್ಕೆ ತೋರಿಸಿದ 5,000 ಡಾಲರಿನಲ್ಲಿ ಆಗ ಅರ್ಧಕ್ಕಿಂತ ಕಮ್ಮಿ ಉಳಿದಿತ್ತು, ಆದರೆ ಉಳಿದಿತ್ತು. ನಮ್ಮ ಕಡೆ ಕೆಲವರು ಮಾವನ ಹತ್ತಿರ, ಸೊಸೈಟಿಯಲ್ಲಿ ಕೈಗಡ ತೆಗೆದು ಬ್ಯಾಂಕಿನಲ್ಲಿ ತೋರಿಸಿ, ವೀಸಾ ಬಂದ ಮೇಲೆ ವಾಪಸ್ ಕೊಟ್ಟು ಖಾಲಿ ಕೈಯಲ್ಲಿ ವಿಮಾನ ಹತ್ತುತ್ತಾರೆ. ಅದು ಬರೀ ಕಾಗದದ ನಿಯಮ ಅಂದುಕೊಳ್ಳುತ್ತಾರೆ. ಆ ದುಡ್ಡು ಇಲ್ಲದಿದ್ದರೆ ಸೌಮ್ಯಾ ಆ ಹಾಸಿಗೆ ಬಿಟ್ಟು ಏಳಲಿಕ್ಕೇ ಆಗುತ್ತಿರಲಿಲ್ಲ.

ಕೆಲಸ, ಆಮೇಲೆ ದೂರು

ಮನೆ ಆದ ವಾರವೇ ಅವಳು ಸೈಕಲ್ ಹತ್ತಿ ತೋಟಗಳ ಆಫೀಸಿಗೆ ನೇರವಾಗಿ ಹೋಗಿ ಕೇಳಲು ಶುರು ಮಾಡಿದಳು. ಮೂರನೇ ತೋಟದಲ್ಲಿ ಒಳಗೆ ಬಿಟ್ಟರು. ಗೇಟಿನಲ್ಲೇ ಬೂಟು ತೊಳೆದು, ಔಷಧಿ ನೀರಿನಲ್ಲಿ ಅದ್ದಿ ಒಳಗೆ ಹೋಗಬೇಕು. 2015ರಲ್ಲಿ ಟಲ್ಲಿ ಕಡೆ ಬಾಳೆಗೆ ಬರುವ ಪನಾಮಾ ರೋಗದ ಟಿಆರ್4 ಅನ್ನುವ ಬಗೆ ಕಾಣಿಸಿಕೊಂಡಿತ್ತು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರ, ಬೂಟಿಗೆ ಅಂಟಿದ ಮಣ್ಣಿನಲ್ಲೂ ಹರಡುತ್ತದೆ. ಇವತ್ತು ಈ ತೋಟ ನಾಳೆ ಆ ತೋಟ ಅಂತ ತಿರುಗುವವರಿಗಿಂತ ಒಂದೇ ಕಡೆ ಬರುವವರು ನಮಗೆ ಅನುಕೂಲ ಅಂತ ಸೂಪರ್‌ವೈಸರ್ ಹೇಳಿದರಂತೆ. ವ್ಯಾನಿನಲ್ಲಿ ಬರುತ್ತಿದ್ದಾಗ ಯಾರೂ ಇದನ್ನು ಅವಳಿಗೆ ಹೇಳಿರಲಿಲ್ಲ.

ಶೆಡ್ಡಿನಲ್ಲಿ ಗೊನೆಗಳು ಕೊಕ್ಕೆಗೆ ನೇತುಬಿದ್ದು ಸಾಲಾಗಿ ಬರುತ್ತವೆ. ಬಾಗಿದ ಕತ್ತಿಯಲ್ಲಿ ಚಿಪ್ಪು ಬಿಡಿಸಿ ನೀರಿನ ತೊಟ್ಟಿಗೆ ಬಿಡಬೇಕು. ಚಿಪ್ಪಿನ ಬುಡದಲ್ಲಿ ದಿಂಡಿನ ಚೂರು ಸ್ವಲ್ಪ ಉಳಿಸಿ ಕೊಯ್ಯಬೇಕು, ಇಲ್ಲದಿದ್ದರೆ ಕಾಯಿ ಉದುರುತ್ತದೆ, ಬೇಗ ಕೊಳೆಯುತ್ತದೆ. ಹೊಸಬರಿಗೆ ಇದು ಕೈಗೆ ಹತ್ತಲು ವಾರ ಬೇಕು. ಸೌಮ್ಯಾ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಮಾಡಿದ ಕೆಲಸ ಅದು. ಬಾಳೆಯ ಕರೆ ಬಟ್ಟೆಗೆ ಬಿದ್ದರೆ ಹೋಗಲ್ಲ ಅಂತ ಹಳೇ ಅಂಗಿ ಹಾಕಿಕೊಂಡು ಹೋಗಿದ್ದಳು. ಸೂಪರ್‌ವೈಸರ್ ಮೊದಲು ಗಮನಿಸಿದ್ದು ಆ ಅಂಗಿಯನ್ನೇ ಅಂತೆ. ಒಂದು ದಿನದ ಪರೀಕ್ಷೆಗೂ ಕೂಲಿ ಕೊಟ್ಟರು, ಸೋಮವಾರದಿಂದ ಬಾ ಅಂದರು. ವಾರಕ್ಕೆ ನಾಲ್ಕರಿಂದ ಐದು ದಿನ ಕೆಲಸ. ಜುಲೈ 1ರಿಂದ ಕನಿಷ್ಠ ಕೂಲಿ 24.95ಕ್ಕೆ ಏರಿದಾಗ ಇಲ್ಲಿ ಕೇಳದೆಯೇ ಏರಿತು.

ದೂರು ಬರೆದದ್ದು ಈಗ. ಹಳೇ ಕಂಟ್ರಾಕ್ಟರಿಗೆ ಒಂದು ಪುಟದ ಇಮೇಲ್. ತಾರೀಖು ಹಾಕಿ ಡೈರಿಯ ಗಂಟೆಗಳು ಒಂದು ಕಡೆ, ಚೀಟಿಯ ಗಂಟೆಗಳು ಇನ್ನೊಂದು ಕಡೆ, ಕೊನೆಗೆ ಬಾಕಿ ಮೊತ್ತ. ಎರಡು ವಾರದಲ್ಲಿ ಕೊಡದಿದ್ದರೆ ಫೇರ್ ವರ್ಕ್ ಒಂಬುಡ್ಸ್‌ಮನ್‌ಗೆ ಕೊಡ್ತೀನಿ ಅಂತ ಒಂದೇ ಸಾಲು. ಬೈಗುಳ ಇಲ್ಲ, ಗೋಳು ಇಲ್ಲ. ಕೂಲಿ ಬಾಕಿಯ ದೂರು ನೋಡುವ ಸರ್ಕಾರಿ ಕಚೇರಿ ಅದು. ಕೆಲಸದ ಗಂಟೆ ಬರೆದಿಟ್ಟುಕೊಳ್ಳಲು ಅವರದೇ ಒಂದು ಮೊಬೈಲ್ ಆ್ಯಪ್ ಕೂಡ ಇದೆ. ಮೂರನೇ ವಾರ ಬಾಕಿ ಕೂಲಿ ಖಾತೆಗೆ ಬಂತು. ಒಂದು ಅಕ್ಷರ ಉತ್ತರ ಬರಲಿಲ್ಲ. ರಸೀದಿ ಇಲ್ಲದ 200 ಡಾಲರ್ ಹೋದದ್ದು ಹೋಯಿತು.

ಆಮೇಲೆ

 ವರ್ಷದ ಕೊನೆಗೆ ಅವಳು ಮತ್ತೆ ಕೇರ್ನ್ಸ್‌ಗೆ ಬಂದು ಹೋಟೆಲೊಂದರಲ್ಲಿ ರೂಮು ಸ್ವಚ್ಛ ಮಾಡುವ ಕೆಲಸ ಹಿಡಿದಳು. ಈ ಸಲ ಮನೆ ಸಿಗಲು ಕಷ್ಟವಾಗಲಿಲ್ಲ. ಸಂಬಳದ ಚೀಟಿ, ಬಾಡಿಗೆ ತಪ್ಪದೆ ಕಟ್ಟಿದ ದಾಖಲೆ, ಜೊತೆಗಿದ್ದ ಆ ಹೆಂಗಸು ಬರೆದುಕೊಟ್ಟ ನಾಲ್ಕು ಸಾಲು ಇಷ್ಟೂ ಕೈಯಲ್ಲಿದ್ದವು. ಮಾರ್ಚ್‌ನಲ್ಲಿ ಲೋಕಲ್ ಅನುಭವ ಇಲ್ಲ ಅಂತ ವಾಪಸ್ ಕಳಿಸಿದ ಪಟ್ಟಣ ಅದೇ.

ಹಳೇ ಮನೆ ಬಿಡುವಾಗ ಏಜೆನ್ಸಿಯವರು ಬಚ್ಚಲ ಬೂಷ್ಟು ಉಜ್ಜಲು ಅಂತ ಬಾಂಡಿನಲ್ಲಿ 180 ಡಾಲರ್ ಹಿಡಿಯಲು ನೋಡಿದರು. ಅವಳು ಮೊದಲ ವಾರ ಕಳಿಸಿದ್ದ ಫಾರಂ ಮತ್ತು ಫೋಟೊ ಮತ್ತೆ ಕಳಿಸಿದಳು. ಪೂರ್ತಿ 600 ವಾಪಸ್ ಬಂತು.

ಇದರಿಂದ ತಿಳಿದದ್ದು

ಅವಳಿಗೆ ಅನುಕೂಲ ಇತ್ತು ಅನ್ನುವುದನ್ನು ಮರೆಯಬಾರದು. ಸಂಬಳದ ಚೀಟಿ ಓದಲು ಬರುತ್ತಿತ್ತು, ತೋಟದ ಕೆಲಸ ಗೊತ್ತಿತ್ತು, ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬಲ್ಲಳು. ಎಲ್ಲರಿಗೂ ಇದು ಇರುವುದಿಲ್ಲ. ವರ್ಕಿಂಗ್ ಹಾಸ್ಟೆಲುಗಳೆಲ್ಲ ಕೆಟ್ಟವು ಅಂತಲೂ ನಾನು ಹೇಳುತ್ತಿಲ್ಲ. ಹೊಸ ಊರಿನಲ್ಲಿ ಒಂದೆರಡು ವಾರಕ್ಕೆ ಅವು ಬೇಕಾಗುತ್ತವೆ. ಅಲ್ಲಿ ಇರುವಾಗಲೇ ಬೇರೆ ಮನೆ ನೋಡುತ್ತಿರಬೇಕು, ಕೆಲಸ ಕೊಡುವವರು ಮತ್ತು ಮನೆ ಕೊಡುವವರು ಬೇರೆ ಬೇರೆ ಆಗುವವರೆಗೆ ಹುಡುಕುವುದನ್ನು ಬಿಡಬಾರದು. ಎಲ್ಲಕ್ಕಿಂತ ದೊಡ್ಡ ಪಾಠ ಇದೇ ಅಂತ ನನಗನ್ನಿಸುತ್ತದೆ.

ಏಜೆಂಟರು ಮೊದಲಿಗೆ ಮಾರಲು ನೋಡಿದ್ದೂ ಇದೇ ಕಟ್ಟನ್ನು: ಕೆಲಸ, ರೂಮು ಎಲ್ಲಾ ಸೇರಿ. ಅಪ್ಪ ಅಮ್ಮನಿಗೆ ಇಷ್ಟವಾಗುವುದೂ ಅದೇ, ಯಾಕೆಂದರೆ ಅದರಲ್ಲಿ ಭದ್ರತೆ ಕಾಣುತ್ತದೆ. ಮಗಳು ಸುರಕ್ಷಿತವಾಗಿರಬೇಕು ಅನ್ನುವವರು ಕೇಳಬೇಕಾದದ್ದು "ರೂಮು ಕೊಡ್ತಾರಾ?" ಅಂತಲ್ಲ. "ಕೆಲಸ ಬಿಟ್ಟರೂ ಆ ರೂಮಿನಲ್ಲಿ ಇರಬಹುದಾ?" ಅಂತ.

ಇಂಗ್ಲೆಂಡಿಗೆ ಹೋಗುವವರಿಗೂ ಇದು ಹೊಂದುತ್ತದೆ. ಯಂಗ್ ಪ್ರೊಫೆಷನಲ್ಸ್ ಯೋಜನೆಯಲ್ಲಿ ಬ್ರಿಟನ್ 2023ರಿಂದ ವರ್ಷಕ್ಕೆ 3,000 ಭಾರತೀಯರವರೆಗೆ ಎರಡು ವರ್ಷದ ವೀಸಾಕ್ಕೆ ಜಾಗ ಇಟ್ಟಿತು. ಅಲ್ಲೂ ಲಾಟರಿ, ಡಿಗ್ರಿ ಬೇಕು, 2,530 ಪೌಂಡ್ ಉಳಿತಾಯ ತೋರಿಸಬೇಕು. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವಂತಿಲ್ಲ, ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಇಡಬೇಕು. ದೇಶ ಬದಲಾದರೂ ಕೇಳಬೇಕಾದದ್ದು ಅದೇ: ನನ್ನ ದುಡ್ಡು ಯಾರ ಹತ್ತಿರ ಇದೆ, ಅದಕ್ಕೆ ದಾಖಲೆ ಎಲ್ಲಿ?

ಸೌಮ್ಯಾ 2026ರ ಶುರುವಿನಲ್ಲಿ ವಾಪಸ್ ಬಂದಳು. ಖರ್ಚು, ಸುತ್ತಾಟ ಎಲ್ಲಾ ಕಳೆದು ನಾಲ್ಕು ಲಕ್ಷ ಚಿಲ್ಲರೆ ಉಳಿದಿದೆ. ಸಿಎ ಇಂಟರ್‌ಗೆ ಓದುತ್ತಿದ್ದಾಳೆ. ಕೆಲಸ ಕೊಟ್ಟವರು ಅವಳ ಹೆಸರಿಗೆ ಕಟ್ಟಿದ ನಿವೃತ್ತಿ ನಿಧಿ, ಅಂದರೆ ಅಲ್ಲಿನ ಸೂಪರ್, ದೇಶ ಬಿಟ್ಟು ವೀಸಾ ಮುಗಿದ ಮೇಲೆ ಅರ್ಜಿ ಹಾಕಿದರೆ ಸಿಗುತ್ತದೆ. ಈ ವೀಸಾದವರಿಗೆ ಅದರಲ್ಲಿ ಶೇ. 65 ತೆರಿಗೆ ಹೋಗುತ್ತದೆ. ಉಳಿದ ಶೇ. 35ಕ್ಕೂ ಅರ್ಜಿ ಹಾಕಿದ್ದಾಳೆ, ಬಿಡುವವಳಲ್ಲ. ತೋಟದವರದ್ದು, ಹೋಟೆಲಿನವರದ್ದು ಬಂದಿದೆ. ಆ ಕಂಟ್ರಾಕ್ಟರ್ ಕಟ್ಟಿದ್ದಾರೋ ಇಲ್ಲವೋ ಅಂತ ಕೇಳಿ ಬರೆದಿದ್ದಾಳೆ, ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.